ಕಡಲಾಚೆಗೆ ಗೊಂಬೆ ಕಳಿಸುವಾಗ

ಆಷಾಢ ಕಳೆದು ಶ್ರಾವಣ ಹಿಡಿಯಿತೆಂದರೆ, ಮಗಳೋ ಸೊಸೆಯೋ ಹೊರದೇಶದಲ್ಲಿರುವ ಮನೆಗಳಲ್ಲಿ ಒಂದು ಮಾತು ಏಳುತ್ತದೆ: ಈ ಸಲದ ನವರಾತ್ರಿಗೆ ಅಲ್ಲಿಗೊಂದು ಜೊತೆ ಗೊಂಬೆ ಕಳಿಸೋಣವೆ? ಕಳಿಸಬಹುದು. ಅಂಚೆಯ ಮೂಲಕವೇ ಕಳಿಸಬಹುದು. ಆದರೆ ನಿಮ್ಮ ಮನಸ್ಸಿಗೆ ಮೊದಲು ಬರುವ ಗೊಂಬೆಯೇ ಹೋಗಲಾರದ ಗೊಂಬೆಯಾಗಿರಬಹುದು.

ಅದು ಪಟ್ಟದ ಗೊಂಬೆ. ಮದುವೆಯಲ್ಲಿ ತವರಿನವರು ಮಗಳ ಮಡಿಲಿಗಿಡುವ ರಾಜ ರಾಣಿಯರ ಈ ಜೋಡಿಯನ್ನು ಸಂಪ್ರದಾಯವಾಗಿ ಕೆತ್ತುವುದು ರಕ್ತಚಂದನದಲ್ಲಿ. ರಕ್ತಚಂದನವಾದರೋ ಅಳಿವಿನ ಭಯಕ್ಕೊಳಗಾದ ಮರ. ವನ್ಯಜೀವಿ ಮತ್ತು ಸಸ್ಯಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಅದು 1995ರಲ್ಲಿ ಸೇರಿತು. ನಮ್ಮ ದೇಶದಿಂದ ಅದನ್ನು ಹೊರಗೆ ಕಳಿಸುವುದಕ್ಕೆ ಕಟ್ಟುನಿಟ್ಟಾದ ನಿರ್ಬಂಧವಿದೆ. ಮನೆಯ ಪ್ರೀತಿಯ ಕಾಣಿಕೆಯೆಂದು ಸುಂಕದ ಅಧಿಕಾರಿಗೆ ತಿಳಿಯುವುದು ಹೇಗೆ? ಅವರಿಗೆ ಕಾಣುವುದು ಮರ. ಶ್ರೀಗಂಧ, ಬೀಟೆ ಮರದ ಗೊಂಬೆಗಳ ವಿಷಯದಲ್ಲಿಯೂ ಮೊದಲು ವಿಚಾರಿಸದೆ ಕಟ್ಟು ಕಟ್ಟಬೇಡಿ. ಈಗ ಬೇರೆ ಮರಗಳಲ್ಲಿಯೂ ಪಟ್ಟದ ಗೊಂಬೆ ದೊರೆಯುತ್ತದೆ. ಕೊಳ್ಳುವಾಗ ಮರದ ಹೆಸರನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳುವುದು ಜಾಣತನ.

ಅಜ್ಜಿಯ ಕಾಲದ ಗೊಂಬೆಯೆಂದು ಹೆಮ್ಮೆಯಿಂದ ಕಳಿಸಲು ಹೊರಡುವವರೂ ಒಂದು ಗಳಿಗೆ ನಿಲ್ಲಬೇಕು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯಂತೆ, ನೂರು ವರ್ಷಕ್ಕೆ ಕಡಮೆಯಿಲ್ಲದ ಕಲಾಕೃತಿ ಪ್ರಾಚ್ಯವಸ್ತುವಾಗುತ್ತದೆ. ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ವಯಸ್ಸಿನ ಬಗ್ಗೆ ಸಂದೇಹವಿದ್ದರೆ, ಅದು ಪ್ರಾಚ್ಯವಸ್ತುವಲ್ಲವೆಂಬ ಪತ್ರವನ್ನು ಪುರಾತತ್ತ್ವ ಇಲಾಖೆಯಿಂದ ಪಡೆಯಬೇಕಾಗುತ್ತದೆ. ಅಜ್ಜಿಯ ಗೊಂಬೆ ಅಜ್ಜಿಯ ಮನೆಯಲ್ಲೇ ಇರಲಿ ಎನ್ನುವುದು ನನ್ನ ಮತ.

ಹಾಗಾದರೆ ಯಾವುದನ್ನು ಕಳಿಸಬೇಕು? ಚನ್ನಪಟ್ಟಣದ ಗೊಂಬೆಗೆ ಸಮನಾದ ಪ್ರಯಾಣಿಕ ಇನ್ನೊಬ್ಬನಿಲ್ಲ. ಆಲೆ ಮರ ಹಗುರ, ಕಡೆದ ಆಕಾರ ಗುಂಡು, ಚಾಚಿಕೊಂಡ ಕೈ ಬೆರಳುಗಳಿಲ್ಲ. ಒಂದೇ ಎಚ್ಚರಿಕೆ: ಮೇಲಿನ ಬಣ್ಣ ಅರಗಿನದು, ಅರಗು ಬಿಸಿಗೆ ಮೆತ್ತಗಾಗುವ ವಸ್ತು. ಪ್ಲಾಸ್ಟಿಕ್ಕನ್ನು ನೇರವಾಗಿ ಅದಕ್ಕೆ ಸುತ್ತಬೇಡಿ. ಮೊದಲು ಬಿಳಿಯ ಕಾಗದ, ಅದರ ಮೇಲೆ ಬೇರೆಯದು.

ಮಣ್ಣಿನ ಗೊಂಬೆಯ ಕಥೆ ಬೇರೆ. ನಾನು ಮೊದಲ ಸಲ ಕಳಿಸಿದ ಕೃಷ್ಣನು ಮೊಮ್ಮಗನ ಕೈಸೇರುವಾಗ ಕೊಳಲೂ ಇರಲಿಲ್ಲ, ಅದನ್ನು ಹಿಡಿದ ಕೈಯೂ ಇರಲಿಲ್ಲ. ತಪ್ಪು ಯಾರದೂ ಅಲ್ಲ, ನನ್ನದೇ. ಗೊಂಬೆಗೆ ಸುತ್ತಲೂ ಹತ್ತಿ ಒತ್ತಿದ್ದೆ, ಆದರೆ ಕೈಗೂ ಮೈಗೂ ನಡುವಣ ಸಂದನ್ನು ಹಾಗೆಯೇ ಬಿಟ್ಟಿದ್ದೆ. ಮಣ್ಣಿನ ಗೊಂಬೆ ಒಡೆಯುವುದು ಹೆಚ್ಚಾಗಿ ಇಂಥ ಸಂದಿನಲ್ಲಿ: ಕುತ್ತಿಗೆ, ಮಣಿಕಟ್ಟು, ಕಿರೀಟದ ತುದಿ. ಆ ಜಾಗಗಳಿಗೆ ಮೆತ್ತನೆಯ ಕಾಗದವನ್ನು ಉಂಡೆ ಮಾಡಿ ತುಂಬಿ, ಆಮೇಲೆ ಇಡೀ ಗೊಂಬೆಯನ್ನು ಸುತ್ತಬೇಕು. ತಳ ತೆರೆದ ಪೊಳ್ಳು ಗೊಂಬೆಯಾದರೆ ಒಳಗೂ ಕಾಗದ ತುಂಬಿ. ಸುತ್ತಿದ್ದನ್ನು ಒಂದು ಸಣ್ಣ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಅದನ್ನು ಸುತ್ತ ಎರಡು ಅಂಗುಲ ಜಾಗವಿರುವ ದೊಡ್ಡ ಪೆಟ್ಟಿಗೆಯೊಳಗೆ ಕೂರಿಸಿ, ನಡುವಣ ಜಾಗವನ್ನೂ ತುಂಬಿ. ಅಲುಗಿಸಿ ನೋಡಿ, ಒಳಗೆ ಸದ್ದಾದರೆ ಮತ್ತೆ ಬಿಚ್ಚಿ. ಹಲಗೆಯ ಪೆಟ್ಟಿಗೆ ಬೇಡ. ಹಲಗೆಯನ್ನು ಕೀಟನಾಶಕ್ಕಾಗಿ ಕಾಯಿಸಿದೆಯೆಂಬ ಮುದ್ರೆಯನ್ನು ಹಲವು ದೇಶಗಳು ಕೇಳುತ್ತವೆ.

ಗೃಹಿಣಿಯರಿಗೆ ಇನ್ನೊಂದು ಮಾತು. ಶೆಟ್ಟಿ ಶೆಟ್ಟಮ್ಮರ ಗೊಂಬೆ ಕಳಿಸುವಾಗ, ಅವರ ಅಂಗಡಿಯ ಮುಂದಿಡುವ ಅಕ್ಕಿ ಬೇಳೆಯ ಪೊಟ್ಟಣಗಳನ್ನೂ ಜೊತೆಗಿಡುವ ಆಸೆ ಸಹಜ. ಇಡಬೇಡಿ. ಆಸ್ಟ್ರೇಲಿಯದಂಥ ದೇಶಗಳಲ್ಲಿ ಕಾಳು, ಬೀಜ, ಹುಲ್ಲು ಬಹು ಕಟ್ಟುನಿಟ್ಟಿನ ತಪಾಸಣೆಗೆ ಒಳಗಾಗುತ್ತವೆ. ಗೊಂಬೆಯ ಸುತ್ತ ಒತ್ತಿದ ಒಣಹುಲ್ಲು ಕೂಡ ಅಲ್ಲಿ ನಿಷಿದ್ಧ. ಅಕ್ಕಿ ಬೇಳೆ ಮಗಳ ಊರಿನಲ್ಲೂ ಸಿಗುತ್ತದೆ.

ಇನ್ನು ಅಂಚೆಯ ಕಿಟಕಿಯ ಬಳಿ. ಎರಡು ಕಿಲೋಗ್ರಾಂ ಒಳಗಿನದು, ಉದ್ದ ಅಗಲ ಎತ್ತರ ಮೂರೂ ಕೂಡಿ 90 ಸೆಂಟಿಮೀಟರ್ ಮೀರದ್ದು, ಯಾವ ಒಂದು ಬದಿಯೂ 60 ಸೆಂಟಿಮೀಟರ್ ದಾಟದ್ದು 2025ರ ಕೊನೆಯವರೆಗೆ ಸಣ್ಣ ಪ್ಯಾಕೆಟ್ಟಾಗಿ ಹೋಗುತ್ತಿತ್ತು. ಈಗ ಪಾರ್ಸೆಲ್ ಅಥವಾ ಸ್ಪೀಡ್ ಪೋಸ್ಟಿನಲ್ಲಿ ಕಳಿಸಬಹುದು. ಸುಂಕದ ಘೋಷಣೆಗಾಗಿ ಸಿ.ಎನ್. 22 ಅಥವಾ ಸಿ.ಎನ್. 23 ಎಂಬ ನಮೂನೆ ತುಂಬಬೇಕು. ಇದರಲ್ಲಿ ‘ಗಿಫ್ಟ್’ ಎಂದಷ್ಟೇ ಬರೆದರೆ ಸಾಲದು. ಅರಗಿನ ಬಣ್ಣದ ಮರದ ಗೊಂಬೆ, ಎಷ್ಟು, ತೂಕವೆಷ್ಟು, ಬೆಲೆಯೆಷ್ಟು ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಬರೆಯಬೇಕು. ಸುಂಕ ಉಳಿಸಲೆಂದು ಬೆಲೆಯನ್ನು ತಗ್ಗಿಸಿ ಬರೆಯುವವರುಂಟು. ಪಾರ್ಸೆಲ್ ಕಳೆದುಹೋದಾಗ ಪರಿಹಾರ ಕೇಳಲು ಹೊರಟರೆ, ಅವರು ಬರೆದ ಆ ಬೆಲೆಯೇ ಅವರಿಗೆ ಎದುರು ನಿಲ್ಲುತ್ತದೆ.

ಇಷ್ಟೆಲ್ಲ ಸರಿಯಿದ್ದರೂ ನಮ್ಮ ಕೈಯಲ್ಲಿಲ್ಲದ ಸಂಗತಿಗಳಿವೆ. ಸಣ್ಣ ಬೆಲೆಯ ಸಾಮಾನಿಗೆ ಅಮೆರಿಕೆಯಲ್ಲಿದ್ದ ಸುಂಕದ ವಿನಾಯಿತಿ 2025ರ ಆಗಸ್ಟ್ 29ರಂದು ರದ್ದಾಯಿತು. ಹೊಸ ಸುಂಕವನ್ನು ವಸೂಲು ಮಾಡುವ ಬಗೆ ಸ್ಪಷ್ಟವಾಗದೆ, ಭಾರತೀಯ ಅಂಚೆ ಅಲ್ಲಿಗೆ ಹೋಗುವ ಹೆಚ್ಚಿನ ವಸ್ತುಗಳನ್ನು ಅದಕ್ಕೂ ಮೊದಲೇ, 25ರಿಂದ, ನಿಲ್ಲಿಸಿತ್ತು. ತಿಂಗಳ ಕೊನೆಗೆ ಕಾಗದ ಪತ್ರಗಳೂ ನಿಂತವು. ಸೇವೆ ಮತ್ತೆ ಆರಂಭವಾದದ್ದು ಅಕ್ಟೋಬರ್ 15ರಂದು. ಆ ವರ್ಷದ ವಿಜಯದಶಮಿ ಅಕ್ಟೋಬರ್ 2ಕ್ಕೇ ಮುಗಿದಿತ್ತು. ಶ್ರಾವಣದಲ್ಲಿಯೇ ಕಳಿಸಿದವರ ಗೊಂಬೆಗಳು ಅಲ್ಲಿ ಮೆಟ್ಟಿಲೇರಿದವು. ಭಾದ್ರಪದಕ್ಕೆ ಕಾದವರ ಗೊಂಬೆಗಳು ಇಲ್ಲಿಯ ಕಪಾಟಿನಲ್ಲೇ ಉಳಿದವು.

ಆದುದರಿಂದ ಹಬ್ಬಕ್ಕೆ ಎರಡು ತಿಂಗಳು ಇರುವಾಗಲೇ ಅಂಚೆ ಕಚೇರಿಗೆ ಹೋಗಿ, ಆ ದೇಶಕ್ಕೆ ಆ ವಾರದ ನಿಯಮವೇನೆಂದು ಕೇಳಿ ತಿಳಿಯಿರಿ. ವಿಳಾಸದ ಇನ್ನೊಂದು ಪ್ರತಿಯನ್ನು ಪೆಟ್ಟಿಗೆಯ ಒಳಗೂ ಇಡಿ. ರಸೀತಿಯಲ್ಲಿ ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ‘ಐ ಎನ್’ ಎಂದಿರುವ ಸಂಖ್ಯೆಯೇ ನಿಮ್ಮ ಗೊಂಬೆಯ ಹೆಸರು. ಅದನ್ನು ಮಗಳಿಗೆ ಅಂದೇ ತಿಳಿಸಿ. ರಸೀತಿಯನ್ನು ಮಾತ್ರ, ಗೊಂಬೆ ತಲುಪಿ ಕೈಕಾಲು ನೆಟ್ಟಗಿವೆಯೆಂದು ಅವಳು ಹೇಳುವ ತನಕ, ಜೋಪಾನವಾಗಿಡಿ.