ಜಳ್ಳು ಕಾಳುಗಳ ವಿವೇಕ: ಶೋಧಯಂತ್ರದ ಶ್ರೇಣಿಯಲ್ಲಿ ಗುಣಕ್ಕೆ ಪ್ರಾಶಸ್ತ್ಯವುಂಟೇ?

ಅರಿವನ್ನು ಅರಸಿ ಹೊರಟವನಿಗೆ ಹಿಂದೆ ಗುರುವಿನ ಮನೆಯೂ ಮಠದ ಪುಸ್ತಕ ಭಂಡಾರವೂ ಆಶ್ರಯವಾಗಿದ್ದುವು. ಇಂದು ಆತನು ಮೊದಲು ತಟ್ಟುವುದು ಅಂತರಜಾಲದ ಬಾಗಿಲನ್ನು. ಆ ಬಾಗಿಲಲ್ಲಿ ನಿಂತು, ಕೇಳಿದವನಿಗೆ ಯಾವ ಪುಟವನ್ನು ಮೊದಲು ತೋರಿಸಬೇಕು, ಯಾವುದನ್ನು ಹಿಂದಕ್ಕೆ ಸರಿಸಬೇಕು ಎಂದು ನಿರ್ಣಯಿಸುವ ವ್ಯವಸ್ಥೆಗೆ ಶೋಧಯಂತ್ರವೆಂದು ಹೆಸರು. ಅವುಗಳಲ್ಲಿ ಗೂಗಲ್ ಸರ್ವವಿದಿತವಾದುದು. ಅದು ತೋರಿಸುವ ಪುಟಗಳ ಅನುಕ್ರಮವೇ ಶ್ರೇಣಿ. ಈ ಶ್ರೇಣಿಯನ್ನು ಕಟ್ಟುವ ನಿಯಮಗಳನ್ನು ಆ ಸಂಸ್ಥೆಯವರು ಆಗಾಗ ಪರಿಷ್ಕರಿಸುತ್ತ ಬಂದಿದ್ದಾರೆ. ಸತ್ತ್ವವುಳ್ಳ ಬರಹ ಮೇಲೇರಬೇಕು, ‘ಸ್ಪ್ಯಾಮ್’ ಎನಿಸಿಕೊಂಡ ಕಸದ ಬರಹ ಕೆಳಗಿಳಿಯಬೇಕು ಎಂಬುದೇ ಇಂತಹ ಪರಿಷ್ಕರಣಗಳ ಉದ್ದೇಶವೆಂದು ಅವರು ಹೇಳುತ್ತಾರೆ. ವಸ್ತುತಃ ಹಾಗೆ ನಡೆದಿದೆಯೇ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಕನ್ನಡ ಪಂಡಿತನಿಗೆ ಯಂತ್ರದ ಗೊಡವೆ ಏತಕ್ಕೆಂದು ವಾಚಕ ಮಹಾಶಯರು ಕೇಳಬಹುದು. ಅದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಶ್ರಾವಣ ಮಾಸದ ಪ್ರವಚನದ ಅಂಗವಾಗಿ ನಮ್ಮ ಶಾಲೆಯಲ್ಲಿ ಭಾಷಣ ಸ್ಪರ್ಧೆ ಏರ್ಪಟ್ಟಿತ್ತು. ಒಂಬತ್ತನೆಯ ತರಗತಿಯ ಬಾಲಿಕೆಯೊಬ್ಬಳು ಬಸವಣ್ಣನವರದೆಂದು ಒಂದು ವಚನವನ್ನು ಸೊಗಸಾಗಿ ಹೇಳಿದಳು. ಕೊನೆಯಲ್ಲಿ ಕೂಡಲಸಂಗಮದೇವನ ಅಂಕಿತವಿತ್ತು. ಗತಿಯಲ್ಲಿಯೂ ಕೊರತೆ ಕಾಣಲಿಲ್ಲ. ತೀರ್ಪುಗಾರರಲ್ಲಿ ಒಬ್ಬನಾಗಿದ್ದ ನಾನು ತಲೆದೂಗಿ ಆಕೆಗೆ ಮೊದಲ ಬಹುಮಾನವನ್ನು ಸೂಚಿಸಿದೆ. ಮನೆಗೆ ಬಂದ ಮೇಲೆ ಆ ವಚನವನ್ನು ಎಲ್ಲಿಯೂ ಓದಿದ ನೆನಪಾಗದೆ ಮನಸ್ಸು ಕಳವಳಕ್ಕೊಳಗಾಯಿತು. ಮರುದಿನ, 1993ರಲ್ಲಿ ಪ್ರಕಟವಾದ ಸಮಗ್ರ ವಚನ ಸಂಪುಟದ ಮೊದಲನೆಯ ಗ್ರಂಥವನ್ನು ಆದ್ಯಂತವಾಗಿ ತಿರುವಿ ನೋಡಿದೆ. ಆ ವಚನ ಅಲ್ಲಿರಲಿಲ್ಲ. ಮತ್ತೆ ಮತ್ತೆ ಹೇಳಿಕೊಂಡು ಪರಿಶೀಲಿಸಲಾಗಿ, ಅದರ ಶಬ್ದಗಳೂ ಹನ್ನೆರಡನೆಯ ಶತಮಾನಕ್ಕೆ ಸಲ್ಲುವಂತಹವಲ್ಲವೆಂದು ಸ್ಪಷ್ಟವಾಯಿತು.

“ಎಲ್ಲಿ ದೊರೆಯಿತು ತಾಯಿ, ಈ ವಚನ?” ಎಂದು ಕೇಳಿದೆ.

“ಮೊಬೈಲಿನಲ್ಲಿ ಹುಡುಕಿದೆ ಗುರುಗಳೇ. ಎಲ್ಲಕ್ಕಿಂತ ಮೊದಲು ಅದೇ ಬಂತು” ಎಂದಳು.

ಮೊದಲು ಬಂದುದು ಸರಿಯಾದುದೇ ಆಗಿರಬೇಕೆಂದು ಆ ಮಗು ನಂಬಿತ್ತು. ಅಂಕಿತವಿದ್ದುದರಿಂದ ಬಸವಣ್ಣನವರದೇ ಆಗಿರಬೇಕೆಂದು ನಾನು ನಂಬಿದ್ದೆನು. ಇಬ್ಬರ ತಪ್ಪೂ ಒಂದೇ ಬಗೆಯದು. ಅಂದಿನಿಂದ ಈ ಶ್ರೇಣಿಯ ರಹಸ್ಯವನ್ನು ತಿಳಿದವರಿಂದ ಕೇಳಿ, ಓದಿ, ಅರಿತುಕೊಂಡುದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಹೊಗೆಯಿಂದ ಬೆಂಕಿಯ ಊಹೆ

ತರ್ಕಶಾಸ್ತ್ರವು ಪ್ರತ್ಯಕ್ಷವನ್ನೂ ಅನುಮಾನವನ್ನೂ ಬೇರೆಬೇರೆಯಾದ ಪ್ರಮಾಣಗಳೆಂದು ಎಣಿಸುತ್ತದೆ. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ತಿಳಿಯುವುದು ಅನುಮಾನ. ಹೊಗೆ ಹೇತು, ಬೆಂಕಿ ಸಾಧ್ಯ. ಮಂಜನ್ನು ಹೊಗೆಯೆಂದು ಭ್ರಮಿಸಿದರೆ ಅನುಮಾನವೇ ಕೆಡುತ್ತದೆ.

ಶೋಧಯಂತ್ರದ ಸ್ಥಿತಿಯೂ ಇದೇ. ಒಂದು ಬರಹ ಸತ್ಯವೇ, ಉಪಯುಕ್ತವೇ, ಶ್ರಮಪಟ್ಟು ಬರೆದುದೇ ಎಂಬುದನ್ನು ಅದು ಸಹೃದಯನಂತೆ ಅನುಭವಿಸಿ ತಿಳಿಯಲಾರದು. ಕೋಟ್ಯಂತರ ಪುಟಗಳಲ್ಲಿ ಕಾಣುವ ಹೊರಗಣ ಕುರುಹುಗಳನ್ನು ಎಣಿಸಿ, ಅವುಗಳಿಂದ ಗುಣವನ್ನು ಊಹಿಸುತ್ತದೆ. ಸ್ಪ್ಯಾಮ್ ಎಂಬುದಾದರೋ ಬೆಂಕಿಯಿಲ್ಲದೆ ಹೊಗೆಯನ್ನು ಮಾತ್ರ ಎಬ್ಬಿಸುವ ವಿದ್ಯೆ. ಯಾವ ಕುರುಹಿಗೆ ಬೆಲೆಯುಂಟೆಂದು ತಿಳಿಯಿತೋ ಅದನ್ನು ಕೃತಕವಾಗಿ ಮಾಡಿ ಇಡುವುದೇ ಆ ವಿದ್ಯೆಯ ಸಾರ. ಶ್ರೇಣಿ ನಿಯಮಗಳ ಇತಿಹಾಸವನ್ನು ಈ ಸೂತ್ರದ ಬೆಳಕಿನಲ್ಲಿ ನೋಡಿದರೆ ಎಲ್ಲವೂ ತಿಳಿಯಾಗುತ್ತದೆ.

ಪರಿಷ್ಕರಣಗಳ ಪರಂಪರೆ

ಮೊದಮೊದಲಿನ ಶೋಧಯಂತ್ರಗಳು ಮುಖ್ಯವಾಗಿ ಪುಟದೊಳಗಿನ ಶಬ್ದಗಳನ್ನೇ ನೆಚ್ಚಿದ್ದುವು. ಹುಡುಕಿದ ಶಬ್ದ ಯಾವ ಪುಟದಲ್ಲಿ ಹೆಚ್ಚು ಸಲ ಬಂದಿದೆಯೋ ಅದು ಮೇಲೇರುವ ಸಂಭವ ಹೆಚ್ಚು. ಇದನ್ನು ಅರಿತ ವಂಚಕರು ಒಂದೇ ಶಬ್ದವನ್ನು ನೂರಾರು ಸಲ ಬರೆದರು. ಬಿಳಿಯ ಹಿನ್ನೆಲೆಯ ಮೇಲೆ ಬಿಳಿಯ ಅಕ್ಷರಗಳಲ್ಲಿ ಬರೆದುದರಿಂದ ಓದುಗನ ಕಣ್ಣಿಗೆ ಅವು ಕಾಣುತ್ತಿರಲಿಲ್ಲ. ಯಂತ್ರಕ್ಕೆ ಮಾತ್ರ ಕಾಣುತ್ತಿದ್ದುವು.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಎಂಬ ಇಬ್ಬರು ಸಂಶೋಧಕ ವಿದ್ಯಾರ್ಥಿಗಳು 1998ರಲ್ಲಿ ಬೇರೊಂದು ಕುರುಹನ್ನು ಮುಂದಿಟ್ಟರು. ವಿದ್ವಾಂಸನೊಬ್ಬನ ಗ್ರಂಥವನ್ನು ಇತರ ವಿದ್ವಾಂಸರು ಉಲ್ಲೇಖಿಸಿದಷ್ಟೂ ಅದರ ಮಾನ್ಯತೆ ಹೆಚ್ಚುವಂತೆ, ಒಂದು ಪುಟಕ್ಕೆ ಇತರ ಪುಟಗಳು ಕೊಂಡಿಯನ್ನು ಕೊಟ್ಟಷ್ಟೂ ಅದರ ಯೋಗ್ಯತೆ ಹೆಚ್ಚಬೇಕು. ಯೋಗ್ಯರು ಕೊಟ್ಟ ಕೊಂಡಿಗೆ ಅಯೋಗ್ಯರದಕ್ಕಿಂತ ಹೆಚ್ಚು ತೂಕವಿರಬೇಕು. ಇದೇ ‘ಪೇಜ್‌ರ‍್ಯಾಂಕ್’ ಎಂಬ ಕ್ರಮ. ಗೂಗಲ್ ಸಂಸ್ಥೆಗೆ ಇದೇ ಅಡಿಗಲ್ಲಾಯಿತು. ಶಬ್ದವನ್ನು ತುರುಕಿ ಗೆಲ್ಲುತ್ತಿದ್ದವರ ಆಟ ಬಹುಮಟ್ಟಿಗೆ ನಿಂತಿತು. ಆದರೆ ಕೊಂಡಿಗೆ ಬೆಲೆ ಬಂದೊಡನೆ ಕೊಂಡಿಯ ವ್ಯಾಪಾರ ಹುಟ್ಟಿತು. ಪರಸ್ಪರ ಹೊಗಳಿಕೊಳ್ಳುವುದಕ್ಕೆಂದೇ ಸಾವಿರಾರು ಹುಸಿ ತಾಣಗಳು ತಲೆಯೆತ್ತಿದುವು.

ಈ ವ್ಯಾಪಾರ ಎಲ್ಲಿಯವರೆಗೆ ಬೆಳೆಯಿತೆಂಬುದಕ್ಕೆ ಒಂದು ನಿದರ್ಶನ ಸಾಕು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 2011ರ ಫೆಬ್ರವರಿಯಲ್ಲಿ ಒಂದು ವರದಿಯನ್ನು ಪ್ರಕಟಿಸಿತು. ಜೆ. ಸಿ. ಪೆನ್ನಿ ಎಂಬ ಅಮೆರಿಕದ ದೊಡ್ಡ ಅಂಗಡಿಯು ಉಡುಪು, ಹಾಸಿಗೆ, ನೆಲಹಾಸು ಮೊದಲಾದ ಅನೇಕ ಶಬ್ದಗಳಿಗೆ ತಿಂಗಳುಗಟ್ಟಲೆ ಶ್ರೇಣಿಯ ತುದಿಯಲ್ಲಿಯೇ ಇತ್ತು. ಉಡುಪಿಗೂ ಹಾಸಿಗೆಗೂ ಏನೂ ಸಂಬಂಧವಿಲ್ಲದ ನೂರಾರು ತಾಣಗಳಲ್ಲಿ ಆ ಅಂಗಡಿಗೆ ಸಾವಿರಾರು ಕೊಂಡಿಗಳನ್ನು ನೆಡಲಾಗಿತ್ತೆಂದು ವರದಿಯಿಂದ ತಿಳಿದುಬಂದಿತು. ಅದು ತಮಗೆ ತಿಳಿಯದೆ ನಡೆದುದೆಂದು ಅಂಗಡಿಯವರು ಹೇಳಿದರು. ಗೂಗಲ್‌ನವರು ಅದನ್ನು ಕೆಳಕ್ಕೆ ತಳ್ಳಿದರು. ಇಲ್ಲಿ ಮೋಸವನ್ನು ಬಯಲಿಗೆಳೆದುದು ಯಂತ್ರವಲ್ಲ, ಪತ್ರಿಕೆಯವರ ಪರಿಶ್ರಮವೆಂಬುದನ್ನು ಗಮನಿಸತಕ್ಕದ್ದು.

ಅದೇ ತಿಂಗಳಲ್ಲಿ ‘ಪಾಂಡಾ’ ಎಂಬ ಪರಿಷ್ಕರಣ ಬಂದಿತು. ಹುಡುಕಾಟದ ಶಬ್ದಗಳನ್ನು ನೋಡಿಕೊಂಡು ಅಗ್ಗದ ಲೇಖನಗಳನ್ನು ರಾಶಿರಾಶಿಯಾಗಿ ಬರೆಯಿಸಿ ಜಾಹೀರಾತಿನಿಂದ ಹಣ ಮಾಡುತ್ತಿದ್ದ ತಾಣಗಳು ಅದರ ಗುರಿ. ಇದಕ್ಕಾಗಿ ಗೂಗಲ್‌ನವರು ಮನುಷ್ಯರಿಗೇ ಪುಟಗಳನ್ನು ತೋರಿಸಿ, ಈ ತಾಣ ಹೇಳಿದ ಔಷಧವನ್ನು ನಿಮ್ಮ ಮಕ್ಕಳಿಗೆ ಕೊಡುವಿರಾ ಎಂಬಂತಹ ಪ್ರಶ್ನೆಗಳನ್ನು ಕೇಳಿ, ಬಂದ ಉತ್ತರಗಳಿಗೆ ಹೊಂದುವ ಕುರುಹುಗಳನ್ನು ಯಂತ್ರಕ್ಕೆ ಕಲಿಸಿದರು. ಅಮೆರಿಕದಲ್ಲಿ ಶೇಕಡ 11.8ರಷ್ಟು ಹುಡುಕಾಟಗಳ ಫಲಿತಾಂಶ ಇದರಿಂದ ಗಮನಾರ್ಹವಾಗಿ ಬದಲಾಯಿತೆಂದು ಸಂಸ್ಥೆಯೇ ತಿಳಿಸಿತು. 2012ರ ಏಪ್ರಿಲ್‌ನಲ್ಲಿ ಬಂದ ‘ಪೆಂಗ್ವಿನ್’ ಕೊಂಡಿಯ ವ್ಯಾಪಾರಿಗಳನ್ನು ದಂಡಿಸಿತು. ಆಗ ಮತ್ತೊಂದು ವಿಪರೀತ ತೋರಿತು. ಕೆಟ್ಟ ಕೊಂಡಿಗೆ ದಂಡನೆಯುಂಟಾದರೆ, ಪ್ರತಿಸ್ಪರ್ಧಿಯ ತಾಣಕ್ಕೆ ಕೆಟ್ಟ ಕೊಂಡಿಗಳನ್ನು ಕಟ್ಟಿ ಅವನನ್ನು ಕೆಡಹಬಹುದಲ್ಲವೇ ಎಂಬ ಭೀತಿ ಹುಟ್ಟಿತು. ‘ಈ ಕೊಂಡಿಗಳು ನನ್ನವಲ್ಲ’ ಎಂದು ತಾಣದ ಒಡೆಯನು ತಿಳಿಸುವುದಕ್ಕೆ ಅದೇ ವರ್ಷ ಅನುಕೂಲ ಕಲ್ಪಿಸಲಾಯಿತು. 2016ರಿಂದ ಪೆಂಗ್ವಿನ್ ಕ್ರಮವು ಕೆಟ್ಟ ಕೊಂಡಿಯನ್ನು ದಂಡನೆಗೆ ಹೇತುವಾಗಿ ಹಿಡಿಯುವ ಬದಲು ಲೆಕ್ಕಕ್ಕೇ ತೆಗೆದುಕೊಳ್ಳದಿರುವ ದಾರಿಯನ್ನು ಹಿಡಿಯಿತು.

2022ರ ಆಗಸ್ಟ್‌ನಲ್ಲಿ, ಶ್ರೇಣಿಗಾಗಿ ಬರೆದುದನ್ನು ಕೆಳಗಿಳಿಸಿ ಮನುಷ್ಯರಿಗಾಗಿ ಬರೆದುದನ್ನು ಮೇಲೆತ್ತುವೆವೆಂದು ಇನ್ನೊಂದು ಪರಿಷ್ಕರಣ ಹೊರಟಿತು. ಅಷ್ಟರಲ್ಲಿಯೇ ಕೃತಕ ಬುದ್ಧಿಮತ್ತೆ ಬಂದು, ಲೇಖನವನ್ನು ಬರೆಯಿಸುವ ವೆಚ್ಚ ಇಲ್ಲವೆಂಬಷ್ಟು ಇಳಿಯಿತು. 2024ರ ಮಾರ್ಚ್‌ನಲ್ಲಿ ಗೂಗಲ್‌ನವರು ನಿಯಮಗಳನ್ನು ಬಿಗಿಗೊಳಿಸಿದರು. ಶ್ರೇಣಿಗಾಗಿಯೇ ಬರಹಗಳನ್ನು ರಾಶಿಹಾಕುವುದು, ಕಾಲ ಮುಗಿದ ಹಳೆಯ ತಾಣದ ಹೆಸರನ್ನು ಕೊಂಡು ಅದರ ಕೀರ್ತಿಯ ಮರೆಯಲ್ಲಿ ಕಸ ತುಂಬುವುದು, ಹೆಸರಾಂತ ತಾಣದ ಮೂಲೆಯೊಂದನ್ನು ಹೊರಗಿನವರಿಗೆ ಬಾಡಿಗೆಗೆ ಕೊಡುವುದು, ಈ ಮೂರನ್ನೂ ಅಪರಾಧಗಳೆಂದು ಸಾರಿದರು.

ಫಲವೇನು?

ಈ ಕೊನೆಯ ಪರಿಷ್ಕರಣದಿಂದ ಫಲಿತಾಂಶಗಳಲ್ಲಿ ಕೀಳು ಬರಹ ಶೇಕಡ 45ರಷ್ಟು ಕಡಮೆಯಾಯಿತೆಂದು ಸಂಸ್ಥೆ ಹೇಳಿದೆ. ಇದು ಅವರದೇ ತಕ್ಕಡಿಯಲ್ಲಿ ಅವರೇ ತೂಗಿದ ತೂಕ. ಹೊರಗಿನವರ ಪರೀಕ್ಷೆಯೂ ಒಂದುಂಟು. ಜರ್ಮನಿಯ ಲೈಪ್‌ಜಿಗ್ ಮತ್ತು ವೈಮಾರ್‌ನ ವಿಶ್ವವಿದ್ಯಾಲಯಗಳ ಸಂಶೋಧಕರು ವಸ್ತುಗಳ ಗುಣದೋಷ ವಿಮರ್ಶೆಯನ್ನು ಕುರಿತ 7,392 ಪ್ರಶ್ನೆಗಳನ್ನು ಆಯ್ದುಕೊಂಡು, ಮೂರು ಶೋಧಯಂತ್ರಗಳ ಫಲಿತಾಂಶಗಳನ್ನು ಒಂದು ವರ್ಷ ಕಾಲ ಗಮನಿಸಿ 2024ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಮೇಲಿನ ಸ್ಥಾನದ ಪುಟಗಳು ಸರಾಸರಿಯಲ್ಲಿ ಶ್ರೇಣಿಗಾಗಿ ಹೆಚ್ಚು ಸಿಂಗರಿಸಲ್ಪಟ್ಟವು, ಮಾರಾಟದ ದಲ್ಲಾಳಿ ಹಣವನ್ನು ಹೆಚ್ಚು ನೆಚ್ಚಿದವು, ಬರಹದ ಗುಣದಲ್ಲಿ ಕೆಳಗಿನವು ಎಂದು ಕಂಡುಬಂದಿತು. ಪರಿಷ್ಕರಣ ಬಂದಾಗ ಸ್ಪ್ಯಾಮ್ ತಗ್ಗುವುದು ನಿಜ. ಆದರೆ ಆ ಸುಧಾರಣೆ ಬಹುಕಾಲ ನಿಲ್ಲುವುದಿಲ್ಲ ಎಂಬುದು ಅವರ ಅಭಿಪ್ರಾಯ. ಇದು ವಸ್ತು ವಿಮರ್ಶೆಯ ಪುಟಗಳನ್ನು ಕುರಿತ ಮಾತು. ಎಲ್ಲ ವಿಷಯಗಳಿಗೂ ಇದನ್ನೇ ಅನ್ವಯಿಸಲಾಗದು.

ಆದುದರಿಂದ ಪ್ರಶ್ನೆಗೆ ಉತ್ತರ ಹೀಗೆ. ಪರಿಷ್ಕರಣಗಳು ಗುಣದ ಪಕ್ಷವನ್ನು ಹಿಡಿದಿವೆ ಎಂಬುದು ಅಸತ್ಯವಲ್ಲ. ಬಿಳಿಯ ಅಕ್ಷರದ ಮೋಸ ಇಂದು ನಡೆಯದು. ಕೊಂಡು ತಂದ ಕೊಂಡಿಗೆ ಹಿಂದಿನ ಬಲವಿಲ್ಲ. ಪ್ರತಿ ಪರಿಷ್ಕರಣವೂ ಒಂದು ಕಂಡಿಯನ್ನು ಮುಚ್ಚುತ್ತದೆ. ಆದರೆ ಕಳ್ಳನು ಮತ್ತೊಂದು ಕಂಡಿಯನ್ನು ಅರಸುತ್ತಾನೆ. ಯಂತ್ರವು ಪ್ರತಿಫಲ ಕೊಡುವುದು ಗುಣಕ್ಕಲ್ಲ, ಗುಣದ ಕುರುಹಿಗೆ. ಕುರುಹನ್ನು ತಯಾರಿಸಲು ಸಾಧ್ಯವಿರುವವರೆಗೂ ಈ ಜಗ್ಗಾಟ ಮುಗಿಯದು. ಇದರ ನಡುವೆ ಕಾಳೂ ಜಳ್ಳಿನೊಡನೆ ತೂರಿಹೋಗುವುದುಂಟು. 2023ರ ಸೆಪ್ಟೆಂಬರ್‌ನ ಪರಿಷ್ಕರಣದ ತರುವಾಯ, ಸ್ವಂತ ಅನುಭವದಿಂದ ಬರೆಯುತ್ತಿದ್ದ ಅನೇಕ ಸಣ್ಣ ತಾಣಗಳವರು ತಮ್ಮ ಓದುಗರನ್ನು ಕಳೆದುಕೊಂಡೆವೆಂದು ಅಳಲಿದರು. ಇನ್ನು ಹಿತಾಸಕ್ತಿಯ ಮಾತು. ಜಾಹೀರಾತಿನ ಹಣದಿಂದ ನಡೆಯುವ ಶೋಧಯಂತ್ರವು ಓದುಗನಿಗಿಂತ ಜಾಹೀರಾತುದಾರನ ಕಡೆಗೆ ವಾಲುವ ಸಂಭವವುಂಟೆಂದು ಪೇಜ್ ಮತ್ತು ಬ್ರಿನ್ನರೇ 1998ರ ತಮ್ಮ ಪ್ರಬಂಧದಲ್ಲಿ ಎಚ್ಚರಿಸಿದ್ದರು. ಅವರು ಕಟ್ಟಿದ ಸಂಸ್ಥೆಯ ಮುಖ್ಯ ಆದಾಯ ಜಾಹೀರಾತೇ ಆದುದು ವಿಧಿಯ ವಿನೋದವೆನ್ನಬೇಕು.

ನಮ್ಮ ಕರ್ತವ್ಯ

ಇಲ್ಲಿಯವರೆಗೆ ಹೇಳಿದುದು ಬಹುಮಟ್ಟಿಗೆ ಇಂಗ್ಲಿಷಿನ ಕಥೆ. ಕನ್ನಡಕ್ಕೆ ಬಂದಾಗ ಇನ್ನೊಂದು ಸಂಗತಿಯನ್ನು ನೆನೆಯಬೇಕು. ಶ್ರೇಣಿಯು ಇರುವುದನ್ನು ಜೋಡಿಸಬಲ್ಲುದೇ ಹೊರತು ಇಲ್ಲದುದನ್ನು ಸೃಷ್ಟಿಸಲಾರದು. ಒಂದು ವಿಷಯದ ಮೇಲೆ ಪ್ರಮಾಣಬದ್ಧವಾದ ಕನ್ನಡ ಪುಟವೇ ಇಲ್ಲದಿದ್ದರೆ, ಎಂತಹ ನಿಷ್ಪಕ್ಷಪಾತಿಯಾದ ಯಂತ್ರವೂ ಇದ್ದ ಕಸದಲ್ಲಿಯೇ ಒಂದನ್ನು ಮೊದಲಿಗಿಡುವುದು ಅನಿವಾರ್ಯ.

ಫ. ಗು. ಹಳಕಟ್ಟಿಯವರು ಮನೆಮನೆಯ, ಮಠಮಠದ ಓಲೆಗರಿಗಳನ್ನು ಅರಸಿ, ಪಾಠವನ್ನು ಶೋಧಿಸಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚಿಗೆ ತಂದರು. ಅವರದೂ ಶೋಧವೇ. ಆದರೆ ಅಲ್ಲಿ ಹುಡುಕಿದವನೇ ಓದಿದನು, ಓದಿದವನೇ ಹೊಣೆ ಹೊತ್ತನು. ಓಲೆಯಿಂದ ಅಚ್ಚಿಗೆ ಅವರು ಮಾಡಿದ ಕಾಯಕವನ್ನು ಅಚ್ಚಿನಿಂದ ಜಾಲಕ್ಕೆ ಮಾಡುವ ಹೊಣೆ ನಮ್ಮದು. ಸಮಸ್ತ ವಚನಗಳನ್ನು ಶಬ್ದ ಹಿಡಿದು ಹುಡುಕುವಂತೆ ಅಣಿಗೊಳಿಸಿದ ‘ವಚನ ಸಂಚಯ’ದಂತಹ ಪ್ರಯತ್ನಗಳು ಈ ದಾರಿಯನ್ನು ತೋರಿವೆ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಗಣಕಯಂತ್ರದ ಕೆಲಸ ಬಲ್ಲವರು ಅನೇಕರಿದ್ದಾರೆ. ದಾನಿಗಳ ಔದಾರ್ಯದಿಂದ ಪುಸ್ತಕ ಭಂಡಾರ ಬೆಳೆದಿದೆ. ಈ ಇಬ್ಬರೂ ಕೈಗೂಡಿಸಿದರೆ, ನಮ್ಮಲ್ಲಿರುವ ಹಳೆಯ ಸಂಚಿಕೆಗಳೂ ಸ್ಥಳೀಯ ಚರಿತ್ರೆಯ ಬರಹಗಳೂ, ಬರೆದವರ ಹೆಸರು, ವರ್ಷ, ಆಕರಗಳೊಡನೆ ಜಾಲವನ್ನು ಸೇರಬಹುದು.

ಉಪಾಧ್ಯಾಯ ಬಂಧುಗಳು ಮಕ್ಕಳಿಗೆ ಮೂರು ಪ್ರಶ್ನೆಗಳನ್ನು ಕಲಿಸಿದರೆ ಸಾಕು. ಇದನ್ನು ಬರೆದವರು ಯಾರು? ಯಾವ ಆಕರದಿಂದ ಬರೆದರು? ಇದನ್ನು ನಾನು ನಂಬಿದರೆ ಯಾರಿಗೆ ಲಾಭ? ಉತ್ತರ ದೊರೆಯದ ಪುಟವು ಮೊದಲನೆಯದಾಗಿ ಬಂದರೂ ಅದನ್ನು ಕೊನೆಯಲ್ಲಿಡಬೇಕು.

ಆ ಬಾಲಿಕೆಯ ಬಹುಮಾನವನ್ನು ನಾವು ಹಿಂದಕ್ಕೆ ಪಡೆಯಲಿಲ್ಲ. ಆಕೆಯನ್ನು ಪುಸ್ತಕ ಭಂಡಾರಕ್ಕೆ ಕರೆದೊಯ್ದು ಸಂಪುಟವನ್ನು ಕೈಗಿತ್ತೆ. ಒಂದು ವಾರ ಹುಡುಕಿ, ತನ್ನ ಮನಸ್ಸಿಗೆ ಹಿಡಿಸಿದ ನಿಜವಾದ ವಚನವೊಂದನ್ನು ಆರಿಸಿಕೊಂಡಳು. ಪ್ರಾತಃಕಾಲದ ಪ್ರಾರ್ಥನೆಯ ವೇಳೆ ಎಲ್ಲರೆದುರು ನಿಂತು, ತಾನು ಹಿಂದೆ ಹೇಳಿದುದು ಬಸವಣ್ಣನವರ ವಚನವಲ್ಲವೆಂದು ತಿಳಿಸಿ, ಈ ವಚನವನ್ನು ಪುಟಸಂಖ್ಯೆ ಸಹಿತವಾಗಿ ಹೇಳಿದಳು. ಪಕ್ಕದಲ್ಲಿ ನಿಂತು ನನ್ನ ತೀರ್ಪಿನ ತಪ್ಪನ್ನು ನಾನೂ ಒಪ್ಪಿಕೊಂಡೆ. ಯಂತ್ರದ ನಿಯಮಗಳು ಇನ್ನೆಷ್ಟು ಸಲ ಬದಲಾದರೂ ಆಗಲಿ, ಆ ದಿನ ಆ ಮಗು ಪಡೆದ ವಿವೇಕ ನಮ್ಮ ಶಾಲೆಯ ಎಲ್ಲ ಮಕ್ಕಳಿಗೂ ಲಭಿಸಲೆಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.