ನೋವಿಲ್ಲದ ಗಂಟು

ಮಹಿಪತಿದಾಸರಿಂದ ಹೆಸರಾದ ಕಾಖಂಡಕಿಯಲ್ಲಿ ಎಂಟೊಂಬತ್ತು ವರ್ಷದ ಹುಡುಗನೊಬ್ಬನಿದ್ದಾನೆಂದು ಭಾವಿಸೋಣ. ತಲೆಗೆ ಎಣ್ಣೆ ಹಚ್ಚುವಾಗ ತಾಯಿಯ ಕೈಗೆ ಅವನ ಕೊರಳಲ್ಲಿ ಗಂಟೊಂದು ತಾಕುತ್ತದೆ. ಒತ್ತಿದರೆ ನೋವಿಲ್ಲ, ಹುಡುಗ ಆಡಿಕೊಂಡಿದ್ದಾನೆ. “ತಾನ ಕರಗತೈತಿ ಬಿಡವ್ವಾ” ಎನ್ನುತ್ತಾಳೆ ಅಜ್ಜಿ.

ಹೆಚ್ಚಿನ ಸಂದರ್ಭಗಳಲ್ಲಿ ಅಜ್ಜಿಯ ಮಾತೇ ನಿಜ. ನೆಗಡಿ, ಗಂಟಲುಬೇನೆಗಳಿಂದ ಎದ್ದ ಗಂಟುಗಳು ಕೆಲವು ವಾರಗಳಲ್ಲಿ ಇಳಿಯುತ್ತವೆ. ಇಳಿಯದೆ ಬೆಳೆಯುವ ಗಂಟಿನ ಮಾತು ಬೇರೆ. ಕ್ಷಯ ಹೆಚ್ಚಾಗಿರುವ ನಮ್ಮ ನಾಡಿನಲ್ಲಿ ಮೊದಲ ಸಂಶಯ ಗಂಡಮಾಲೆಯ ಮೇಲೆ ಹೋಗುವುದು ಸಹಜ. ಆದರೆ ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗಿದ ಬಳಿಕ ರೋಗವು ಹಾಡ್ಜ್‌ಕಿನ್ ಅರ್ಬುದವೆಂದು ತಿಳಿದುಬಂದ ಮಕ್ಕಳು ನಮ್ಮ ದೇಶದಲ್ಲಿ ವಿರಳವಲ್ಲ. ಗಂಟಿನ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ಹೊರತು ಇವೆರಡರ ಭೇದ ನಿಶ್ಚಯವಾಗದು.

ದುಗ್ಧರಸ ಗ್ರಂಥಿಗಳ ಈ ಬೇನೆಯನ್ನು 1832ರಲ್ಲಿ ವರ್ಣಿಸಿದವನು ಲಂಡನ್ನಿನ ವೈದ್ಯ ಥಾಮಸ್ ಹಾಡ್ಜ್‌ಕಿನ್. ಪಾಶ್ಚಾತ್ಯ ದೇಶಗಳಲ್ಲಿ ಇದು ಹದಿಹರೆಯದವರಲ್ಲಿ ಹೆಚ್ಚು; ನಮ್ಮಲ್ಲಿ ಹತ್ತರೊಳಗಿನ ಮಕ್ಕಳಲ್ಲೂ ಸಾಕಷ್ಟು ಕಾಣುತ್ತದೆ. ಆಸ್ಪತ್ರೆಗೆ ಬರುವವರಲ್ಲಿ ಗಂಡುಮಕ್ಕಳೇ ಬಹಳ. ರೋಗದ ಸ್ವಭಾವ ಇದಕ್ಕೊಂದು ಕಾರಣ. ಹೆಣ್ಣುಮಗುವಿನ ಬೇನೆಗೆ ದೂರದ ಪ್ರಯಾಣ ಕೈಗೊಳ್ಳಲು ಮನೆಯವರು ಹಿಂದೆಗೆಯುವುದು ಇನ್ನೊಂದು.

ಒಂದು ಕಾಲದಲ್ಲಿ ಈ ಹೆಸರು ಕೇಳಿದರೆ ಆಸೆ ಬಿಡಬೇಕಾಗಿತ್ತು. 1960ರ ದಶಕದಲ್ಲಿ ಅಮೇರಿಕದ ವಿನ್ಸೆಂಟ್ ಡೆವಿಟ ಮತ್ತು ಸಂಗಡಿಗರು ನಾಲ್ಕು ಔಷಧಗಳನ್ನು ಕೂಡಿಸಿ ಕೊಟ್ಟು ಚಿಕಿತ್ಸೆಯ ದಾರಿ ತೆರೆದರು. ಇಂದು ಮುಂದುವರಿದ ದೇಶಗಳಲ್ಲಿ ಹತ್ತು ಮಕ್ಕಳಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಬದುಕುಳಿಯುತ್ತಾರೆ. ಚಿಕಿತ್ಸೆಯನ್ನು ಪೂರ್ತಿಗೊಳಿಸಿದ ನಮ್ಮ ಮಕ್ಕಳಲ್ಲೂ ಬಹುಪಾಲು ಗುಣ ಹೊಂದುತ್ತಾರೆ.

‘ಪೂರ್ತಿಗೊಳಿಸಿದ’ ಎಂಬ ಮಾತನ್ನು ವಾಚಕರು ಗಮನಿಸಬೇಕು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ಸೇವೆಯಲ್ಲಿದೆ; ಅದರ ಶಾಖೆ ಕಲಬುರಗಿಯಲ್ಲಿಯೂ ಉಂಟು. ಆದರೂ ವಿಜಯಪುರದ ಕಡೆಯವರಿಗೆ ಬೆಂಗಳೂರು ಐನೂರು ಕಿಲೋಮೀಟರಿಗೂ ದೂರ. ಕೆಲವು ಸಲ ಮದ್ದು ಹಾಕಿಸುತ್ತಲೇ ಗಂಟು ಕರಗುತ್ತದೆ, ಹುಡುಗ ಗೆಲುವಾಗುತ್ತಾನೆ. ಹೊಲದ ಕೆಲಸ ಕಾದಿದೆ, ಕೈಯಲ್ಲಿ ಹಣವಿಲ್ಲ; ‘ಆರಾಮಾಗ್ಯಾನ’ ಎಂದು ತಂದೆ ಪ್ರಯಾಣ ನಿಲ್ಲಿಸುತ್ತಾನೆ. ಕಣ್ಣಿಗೆ ಕಾಣದೆ ಉಳಿದ ರೋಗ ಮರಳಿ ತಲೆಯೆತ್ತುವುದಕ್ಕೆ ಅಷ್ಟೇ ಸಾಕು. ಮರಳಿದ ರೋಗಕ್ಕೂ ಮದ್ದುಂಟು, ಆದರೆ ಅದು ಹೆಚ್ಚು ಉಗ್ರ, ಹೆಚ್ಚು ದುಬಾರಿ.

ಆದುದರಿಂದ ತಿಂಗಳಾದರೂ ಇಳಿಯದ ಗಂಟನ್ನು, ಜೊತೆಗೆ ಬಿಡದ ಜ್ವರ, ರಾತ್ರಿಯ ಬೆವರು, ಸೊರಗುವಿಕೆ ಕಂಡರೆ ಇನ್ನೂ ಬೇಗನೆ, ವೈದ್ಯರಿಗೆ ತೋರಿಸಿರಿ. ಚಿಕಿತ್ಸೆ ಆರಂಭವಾದ ಮೇಲೆ, ಸಾಕೆಂದು ಹೇಳುವ ಅಧಿಕಾರವನ್ನು ವೈದ್ಯರಿಗೇ ಬಿಡಿರಿ.