ಗಾತ್ರವು ವಯಸ್ಸಲ್ಲ

ವಿಜಯಪುರದ ಜಲನಗರದಲ್ಲಿ ಮೀನು ಕೊಳ್ಳುವವರಿಂದ ಹಿಡಿದು ಆಲಮಟ್ಟಿಯ ಹಿನ್ನೀರಿನಲ್ಲಿ ಬಲೆ ಬೀಸುವವರವರೆಗೆ, ಅಕ್ಷರಸ್ಥರನ್ನೂ ಬಿಡದೆ ಆವರಿಸಿಕೊಂಡಿರುವ ನಂಬಿಕೆಯೊಂದುಂಟು: ದೊಡ್ಡ ಮೀನು ಮುದಿ ಮೀನು, ಸಣ್ಣದು ಮರಿ, ತಕ್ಕಡಿಗೆ ಹಾಕಿದರೆ ವಯಸ್ಸು ತಾನೇ ತಿಳಿಯುತ್ತದೆ. ಎಷ್ಟು ಸಲ ಖಂಡಿಸಿದರೂ ಮರಳಿ ತಲೆಯೆತ್ತುವ ಈ ಮಾತು ನನ್ನ ಸಹನೆಯನ್ನು ಕೆಡಿಸುತ್ತದೆ; ಜಲಸಂಪತ್ತನ್ನೇ ಬರಿದುಮಾಡಬಲ್ಲ ಅಜ್ಞಾನವನ್ನು ನಿರುಪದ್ರವಿಯೆಂದು ಕಡೆಗಣಿಸುವುದೆಂತು?

ಈ ಭ್ರಮೆಗೆ ನಮ್ಮ ಕೆರೆಗಳೇ ಆಸರೆ. ಕಾಟ್ಲಾ, ರೋಹು ಮರಿಗಳನ್ನು ಬಿತ್ತಿದ ದಿನವೂ ಹಿಡಿದ ದಿನವೂ ಗೊತ್ತಿರುವುದರಿಂದ, ಇಷ್ಟು ತೂಕಕ್ಕೆ ಇಷ್ಟು ವಯಸ್ಸೆಂಬ ಲೆಕ್ಕ ಅಲ್ಲಿ ಮೇಲ್ನೋಟಕ್ಕೆ ಕೂಡಿಬರುತ್ತದೆ. ಆದರೆ ಆಂಧ್ರದ ಮೀನು ಸಾಕಣೆದಾರರು ಮರಿಗಳನ್ನು ಇಕ್ಕಟ್ಟಿನಲ್ಲಿ, ಅರೆಹೊಟ್ಟೆಯಲ್ಲಿ ವರ್ಷದ ಸುಮಾರಿಗೆ ಉದ್ದೇಶಪೂರ್ವಕವಾಗಿ ಕುಗ್ಗಿಸಿಟ್ಟು, ಅನಂತರ ವಿಶಾಲವಾದ ಕೊಳಕ್ಕೆ ಬಿಟ್ಟು ವೇಗವಾಗಿ ಬೆಳೆಸುವುದನ್ನು ಕಂಡವನಿಗೆ, ಮೀನಿನ ಮೈ ಕಾಲಕ್ಕಿಂತ ಆಹಾರಕ್ಕೂ ಸ್ಥಳಕ್ಕೂ ಹೆಚ್ಚು ವಿಧೇಯವೆಂಬುದು ತಾನಾಗಿ ಮನವರಿಕೆಯಾಗುವುದು. ಕಿಕ್ಕಿರಿದ ಹೊಂಡದ ಜಿಲೇಬಿ ಮೀನು ಅಂಗೈಯಷ್ಟಿರುವಾಗಲೇ ಸಂತಾನಕ್ಕೆ ಸಿದ್ಧವಾಗಿರುತ್ತದೆ.

ಬಿತ್ತನೆಯ ದಿನವನ್ನು ಬರೆದಿಡುವವರಿಲ್ಲದ ಕಡಲಿನಲ್ಲಿ ಈ ನಂಬಿಕೆ ಅನರ್ಥಕ್ಕೇ ಕಾರಣವಾಯಿತು. ನ್ಯೂಜಿಲೆಂಡಿನ ಆಳಸಮುದ್ರದ ಆರೆಂಜ್ ರಫಿ ಎಂಬ ಮೊಳದುದ್ದದ ಮೀನನ್ನು 1970ರ ದಶಕದ ಕೊನೆಯಿಂದ, ಇತರ ಮೀನುಗಳಂತೆಯೇ ಬೇಗ ಬೆಳೆದು ಬೇಗ ಮರುಹುಟ್ಟು ಪಡೆಯುವುದೆಂಬ ಭರವಸೆಯಿಂದ ಯಥೇಚ್ಛವಾಗಿ ಹಿಡಿದರು. ಕಿವಿಯೊಳಗಿನ ಓಟೋಲಿತ್ ಎಂಬ ಸುಣ್ಣದ ಹರಳಿನ ವಿಕಿರಣಶೀಲ ಧಾತುಗಳನ್ನು ಅಳೆದು, ಈ ಮೀನು ನೂರು ವರ್ಷಕ್ಕೂ ಮೀರಿ ಬಾಳುವುದೆಂದು 1991ರಲ್ಲಿ ಪ್ರಕಟಪಡಿಸುವ ಹೊತ್ತಿಗೆ, ಪ್ರೌಢವಾಗಲು ಮೂರು ದಶಕ ಬೇಕಾಗುವ ಆ ಮೀನಿನ ಸಮೂಹಗಳು ಎಷ್ಟೋ ಕಡೆ ಕ್ಷೀಣಿಸಿದ್ದವು. ಇದಕ್ಕೆ ವಿಪರೀತವಾದ ತಪ್ಪು ನಮ್ಮ ಕರಾವಳಿಯಲ್ಲೇ ನಡೆದಿದೆ: 1950ರ ದಶಕದಲ್ಲಿ ಕಾರವಾರದ ಬಂಗಡೆಯನ್ನು ಅಭ್ಯಸಿಸಿದವರು ಅದನ್ನು ನಿಧಾನವಾಗಿ ಬೆಳೆಯುವುದೆಂದು ಎಣಿಸಿದರೆ, ಅನಂತರದ ಸಂಶೋಧಕರು ಅದು ವರ್ಷದ ಆಸುಪಾಸಿನಲ್ಲೇ ಗೇಣುದ್ದವಾಗುವುದೆಂದು ಕಂಡರು.

ವಯಸ್ಸಿನ ತಪ್ಪು ವಯಸ್ಸಿನಲ್ಲೇ ನಿಲ್ಲುವುದಿಲ್ಲ. ಮೀನು ಎಷ್ಟು ಬೇಗ ಬೆಳೆಯುತ್ತದೆ, ವರ್ಷಕ್ಕೆ ನೂರರಲ್ಲಿ ಎಷ್ಟು ತಾವಾಗಿ ಸಾಯುತ್ತವೆ, ಹಿಡಿದಷ್ಟನ್ನು ಸಮೂಹ ಎಷ್ಟು ವರ್ಷದಲ್ಲಿ ತುಂಬಿಕೊಡುತ್ತದೆ ಎಂಬ ಸಕಲ ಗಣನೆಯೂ ವಯಸ್ಸಿನ ಮೇಲೆಯೇ ನಿಂತಿರುವುದರಿಂದ, ಮುದಿ ಮೀನನ್ನು ಎಳೆಯದೆಂದು ಎಣಿಸಿದರೆ ಸಮೂಹವು ಇಲ್ಲದ ಚೈತನ್ಯವನ್ನು ತೋರಿ, ಹಿಡಿಯಲು ಅನುಮತಿಸುವ ಪ್ರಮಾಣ ಸಲ್ಲದಷ್ಟು ಏರುತ್ತದೆ. ಎಳೆಯದನ್ನು ಮುದಿಯೆಂದರೆ ಬೆಸ್ತನ ನ್ಯಾಯವಾದ ಪಾಲು ಕಡಿತವಾಗುತ್ತದೆ. ಒಂದು ಸಮೃದ್ಧ ವರ್ಷದಲ್ಲಿ ಹುಟ್ಟಿದ ಮೀನುಗಳು ತಪ್ಪೆಣಿಕೆಯಿಂದ ಅಕ್ಕಪಕ್ಕದ ವರ್ಷಗಳಿಗೆ ಹಂಚಿಹೋದರಂತೂ ಬರಗಾಲದ ವರ್ಷಗಳು ಕಣ್ಣಿಗೇ ಬೀಳವು.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಹೆಚ್ಚು ಮೀನುಗಳನ್ನು ಪರೀಕ್ಷಿಸಿದರೆ ತಪ್ಪುಗಳು ಪರಸ್ಪರ ಅಳಿಸಿಹೋಗುವುವು ಎಂಬರು. ಒಂದೇ ಕಡೆಗೆ ವಾಲಿದ ತಪ್ಪು ಸಾವಿರ ಮೀನುಗಳಲ್ಲಿಯೂ ಅದೇ ಕಡೆಗೆ ವಾಲುತ್ತದೆ. ಹುರುಪೆಯ ಮೇಲಣ ಒಂದು ಉಂಗುರ ಒಂದು ವರ್ಷವೆಂಬುದು ಚಳಿಗಾಲದಲ್ಲಿ ಬೆಳವಣಿಗೆ ನಿಲ್ಲುವ ಶೀತದೇಶಗಳಿಂದ ಬಂದ ಎಣಿಕೆ. ನಮ್ಮ ಉಷ್ಣಜಲದಲ್ಲಿ ಮೊಟ್ಟೆಯಿಡುವ ಶ್ರಮವಾಗಲಿ ಆಹಾರದ ಅಭಾವವಾಗಲಿ ಉಂಗುರವನ್ನು ಮೂಡಿಸಬಲ್ಲದು. ಓಟೋಲಿತ್‌ನಲ್ಲಿ ದಿನಕ್ಕೊಂದು ಸೂಕ್ಷ್ಮರೇಖೆ ಕೂಡುವುದನ್ನು ಪನೆಲ್ಲಾ ಎಂಬ ವಿಜ್ಞಾನಿ 1971ರಲ್ಲಿ ತೋರಿಸಿದ ಮೇಲೆ, ಅಲ್ಪಾಯುಷಿಗಳಾದ ನಮ್ಮ ಮೀನುಗಳ ವಯಸ್ಸನ್ನು ತಕ್ಕಡಿಯಿಂದ ಊಹಿಸುವುದಕ್ಕೆ ನೆಪವೂ ಉಳಿದಿಲ್ಲ.

ಇದು ಬೆಸ್ತರ ದೋಷವೆಂದು ಪಂಡಿತರು ಸಮಾಧಾನಪಟ್ಟುಕೊಳ್ಳಬೇಕಿಲ್ಲ. ಕೆನಡಾದ ಬೀಮಿಷ್ ಮತ್ತು ಮೆಕ್‌ಫಾರ್ಲೇನ್ ಎಂಬ ವಿಜ್ಞಾನಿಗಳು ಐನೂರು ಪ್ರಬಂಧಗಳನ್ನು ಪರಿಶೀಲಿಸಿ, ಅವುಗಳಲ್ಲಿ ತಾವು ಹೇಳಿದ ಎಲ್ಲ ವಯಸ್ಸುಗಳನ್ನೂ ಪ್ರಮಾಣೀಕರಿಸಿದವು ಅತ್ಯಲ್ಪವೆಂದು 1983ರಲ್ಲಿಯೇ ಎಚ್ಚರಿಸಿದ್ದರು. ಅಚ್ಚಾದ ಅಂಕಿಯನ್ನು ಕಂಡೊಡನೆ ಪ್ರಶ್ನಿಸುವ ಬುದ್ಧಿಯನ್ನು ಬದಿಗಿಡುವುದು ನಮ್ಮೆಲ್ಲರ ದೌರ್ಬಲ್ಯ. ಮಳೆಯ ಭವಿಷ್ಯದಲ್ಲಿ, ಔಷಧಿಯ ಜಾಹೀರಾತಿನಲ್ಲಿ, ಬೆಳೆಯ ಅಂದಾಜಿನಲ್ಲಿ ಅದೇ ದೌರ್ಬಲ್ಯ ನಮ್ಮನ್ನು ವಂಚಿಸುತ್ತಲೇ ಇದೆ. ಕೃಷ್ಣೆಯ ಮೀನನ್ನು ಎಷ್ಟು ಹಿಡಿಯಬೇಕು, ಬಲೆಯ ಕಣ್ಣು ಎಷ್ಟಿರಬೇಕು ಎಂದು ನಿರ್ಧರಿಸುವವರ ಮುಂದೆ ಯಾರಾದರೂ ವಯಸ್ಸಿನ ಪಟ್ಟಿಯನ್ನಿಟ್ಟಾಗ, ಅದನ್ನು ಯಾವ ಹರಳಿನಲ್ಲಿ, ಯಾರು, ಎಷ್ಟು ಸಲ ಎಣಿಸಿ ತಾಳೆನೋಡಿದರೆಂದು ಕೇಳುವ ಹಕ್ಕು ಆ ನೀರನ್ನು ನಂಬಿ ಬದುಕುವ ಪ್ರತಿಯೊಬ್ಬ ಬೆಸ್ತನಿಗೂ ಇದೆ. ಅವನು ಅದನ್ನು ಕೇಳಲೇಬೇಕು.